ದನದ ಲೆಕ್ಕ ಬರೆಯುವವರು ಬಂದಾಗ ನಿಮ್ಮ ಹೆಸರು ಹೇಳಿ

ಅಕ್ಕಂದಿರೇ,

ನವೆಂಬರ್ ತಿಂಗಳಿಡೀ ನಮ್ಮ ಕಡೆ ಯಾವ ಡೇರಿಗೆ ಹೋದರೂ ಒಂದೇ ಮಾತು. ಚನ್ನಪಟ್ಟಣದಲ್ಲಿ ಯಾರು? ಶಿಗ್ಗಾವಿಯಲ್ಲಿ ಯಾರು? ಸಂಡೂರಿನಲ್ಲಿ ಯಾರು? ಮೂರು ಊರಲ್ಲಿ ಒಂದೂ ನಮ್ಮ ತಾಲ್ಲೂಕಲ್ಲ, ಒಂದೂ ನಮ್ಮ ಜಿಲ್ಲೆಯಲ್ಲ. ಆದರೂ ಹಾಲಿನ ಕ್ಯಾನು ಇಳಿಸುವ ಜಾಗದಲ್ಲಿ ಗಂಡಸರ ವಾದ ಫ್ಯಾಟ್ ನೋಡುವ ಮಷಿನ್ನಿನ ಸದ್ದನ್ನೂ ಮೀರಿಸುತ್ತಿತ್ತು. ಸಾಲಿನಲ್ಲಿ ನಿಂತ ನೀವು ಸುಮ್ಮನಿದ್ದಿರಿ. ಅಭಿಪ್ರಾಯ ಇಲ್ಲದೆ ಸುಮ್ಮನಿದ್ದದ್ದಲ್ಲ ಅಂತ ನನಗೆ ಗೊತ್ತು. ಕೊಟ್ಟಿಗೆಯಲ್ಲಿ ನಾನು ಹಸುವಿನ ಕೆಚ್ಚಲು ನೋಡುತ್ತಾ ಕೂತಾಗ ನೀವು ಹೇಳುವ ರಾಜಕೀಯ ಟಿವಿಯವರು ಹೇಳುವುದಕ್ಕಿಂತ ಚೆನ್ನಾಗಿರುತ್ತದೆ.

ನಾನು ಒಕ್ಕೂಟದ ಸಂಬಳ ತಿನ್ನುವವಳು. ಯಾವ ಪಕ್ಷ ಸರಿ, ಯಾವುದು ತಪ್ಪು ಅಂತ ಈ ಪತ್ರಿಕೆಯಲ್ಲಿ ಬರೆಯುವ ಹಾಗಿಲ್ಲ, ಬರೆಯುವ ಆಸೆಯೂ ಇಲ್ಲ. ಆದರೆ ಈ ಎರಡು ತಿಂಗಳ ಸುದ್ದಿಯಲ್ಲಿ ನಿಮಗೆ ಸಂಬಂಧಪಟ್ಟದ್ದು ಬಹಳ ಇತ್ತು. ಅದು ಹೆಡ್‌ಲೈನಿನಲ್ಲಿ ಬರಲಿಲ್ಲ, ಅಷ್ಟೇ. ಅದನ್ನು ಹೇಳೋಣ ಅಂತ.

ಮೊದಲು ಒಂದು ಸಣ್ಣ ಗೊಂದಲ ಬಿಡಿಸಿಬಿಡುತ್ತೇನೆ. ಕೆಲವರು ಇದನ್ನು ಮಧ್ಯಂತರ ಚುನಾವಣೆ ಅಂದರು. ಅಲ್ಲ. ಅವಧಿ ಮುಗಿಯುವ ಮೊದಲೇ ಇಡೀ ವಿಧಾನಸಭೆ ವಿಸರ್ಜನೆಯಾಗಿ ಎಲ್ಲಾ ಕಡೆ ಮತ್ತೆ ಮತ ಹಾಕಿದರೆ ಅದು ಮಧ್ಯಂತರ. ಇಲ್ಲಿ ಖಾಲಿಯಾದ ಮೂರು ಕುರ್ಚಿಗೆ ಮಾತ್ರ ಮತ ಹಾಕಿದ್ದು, ಹಾಗಾಗಿ ಉಪಚುನಾವಣೆ. ಅಮೆರಿಕದವರಿಗೆ ಅಧ್ಯಕ್ಷರ ನಾಲ್ಕು ವರ್ಷದ ಅವಧಿಯ ನಟ್ಟನಡುವೆ ಒಂದು ಚುನಾವಣೆ ಕಾಯಂ ಇರುತ್ತದೆ, ಸರ್ಕಾರ ನಡೆಸುವವರಿಗೆ ಅರ್ಧವಾರ್ಷಿಕ ಪರೀಕ್ಷೆ ಇದ್ದ ಹಾಗೆ. ನಮ್ಮಲ್ಲಿ ಆ ಪದ್ಧತಿ ಇಲ್ಲ. ಅದಕ್ಕೇ ಉಪಚುನಾವಣೆ ಬಂದರೆ ಸಾಕು, ಅದನ್ನೇ ಪರೀಕ್ಷೆ ಅಂತ ತಿಳಿದುಕೊಂಡು ಎಲ್ಲರೂ ಅಂಕ ಹಾಕಲು ಕೂರುತ್ತಾರೆ.

ನವೆಂಬರ್ 13ಕ್ಕೆ ಮತದಾನ, 23ಕ್ಕೆ ಎಣಿಕೆ. ಚನ್ನಪಟ್ಟಣದಲ್ಲಿ ಸಿ.ಪಿ. ಯೋಗೇಶ್ವರ್, ಶಿಗ್ಗಾವಿಯಲ್ಲಿ ಯಾಸಿರ್ ಅಹಮದ್ ಖಾನ್ ಪಠಾಣ್, ಸಂಡೂರಿನಲ್ಲಿ ಇ. ಅನ್ನಪೂರ್ಣ ತುಕಾರಾಂ ಗೆದ್ದರು. ಮೂರೂ ಕಾಂಗ್ರೆಸ್ಸಿಗೆ. ಕುರ್ಚಿ ಖಾಲಿಯಾದದ್ದು ಹೇಗೆ ಅಂದರೆ, ಅಲ್ಲಿನ ಮೂವರೂ ಶಾಸಕರು ಲೋಕಸಭೆಗೆ ಹೋದರು: ಕುಮಾರಸ್ವಾಮಿಯವರು, ಬಸವರಾಜ ಬೊಮ್ಮಾಯಿಯವರು, ಇ. ತುಕಾರಾಂ ಅವರು. ಕಣಕ್ಕೆ ಇಳಿದವರು? ಒಬ್ಬರ ಮಗ, ಇನ್ನೊಬ್ಬರ ಮಗ, ಮತ್ತೊಬ್ಬರ ಹೆಂಡತಿ. ಇಬ್ಬರು ಗಂಡುಮಕ್ಕಳು ಸೋತರು, ಹೆಂಡತಿ ಗೆದ್ದರು. ಇದನ್ನು ಕೇಳಿ ಸಾಸ್ವೆಹಳ್ಳಿ ಕಡೆಯ ಒಬ್ಬ ಅಜ್ಜಿ, "ಬಿಡವ್ವ, ಮನೆ ನಡೆಸೋಳು ಊರೂ ನಡೆಸ್ತಾಳೆ" ಅಂದರು. ನಾನು ಇಂಜೆಕ್ಷನ್ ಸಿರಿಂಜು ಹಿಡಿದುಕೊಂಡೇ ನಕ್ಕೆ.

ಆದರೆ ಅಜ್ಜಿಯ ಮಾತು ಲೆಕ್ಕದಲ್ಲಿ ಕಾಣುವುದಿಲ್ಲ. 2023ರ ವಿಧಾನಸಭಾ ಚುನಾವಣೆಯಲ್ಲಿ 224 ಜನರಲ್ಲಿ ಗೆದ್ದ ಹೆಂಗಸರು ಹತ್ತೇ ಹತ್ತು. ಅದರಲ್ಲಿ ಒಬ್ಬರು ನಮ್ಮ ದಾವಣಗೆರೆ ಲೋಕಸಭಾ ಕ್ಷೇತ್ರಕ್ಕೇ ಸೇರಿದ ಹರಪನಹಳ್ಳಿಯಲ್ಲಿ ಪಕ್ಷೇತರರಾಗಿ ಗೆದ್ದ ಲತಾ ಮಲ್ಲಿಕಾರ್ಜುನ್. ಹೊನ್ನಾಳಿ, ಚನ್ನಗಿರಿ, ಜಗಳೂರಿನವರಿಗೆ ಇನ್ನೊಂದು ನೆನಪಿರಬೇಕು. 2024ರ ಮೇ ತಿಂಗಳಲ್ಲಿ ನಾವು ಮತ ಹಾಕಿದಾಗ ಎರಡೂ ದೊಡ್ಡ ಪಕ್ಷದಿಂದ ನಿಂತದ್ದು ಹೆಂಗಸರೇ, ಡಾ. ಪ್ರಭಾ ಮಲ್ಲಿಕಾರ್ಜುನ್ ಮತ್ತು ಗಾಯತ್ರಿ ಸಿದ್ದೇಶ್ವರ. ಯಾರೇ ಗೆದ್ದರೂ ಸಂಸತ್ತಿಗೆ ಹೆಣ್ಣುಮಗಳೇ ಹೋಗುವುದು ಅಂತ ಮೊದಲೇ ನಿಕ್ಕಿಯಾಗಿತ್ತು. ದೊಡ್ಡ ಮನೆತನದ ಹೆಸರು ಎರಡೂ ಕಡೆ ಇತ್ತು, ಇಲ್ಲ ಅನ್ನುವುದಿಲ್ಲ. ಆದರೂ ಆ ಮತಪತ್ರ ನೋಡಿದ ನಮ್ಮ ಹುಡುಗಿಯರ ತಲೆಯಲ್ಲಿ ಏನೋ ಒಂದು ಕೂತಿರುತ್ತದೆ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ.

ಲೋಕಸಭೆ ಮತ್ತು ವಿಧಾನಸಭೆಯಲ್ಲಿ ಮೂರರಲ್ಲಿ ಒಂದು ಪಾಲು ಸ್ಥಾನ ಹೆಂಗಸರಿಗೆ ಮೀಸಲು ಅಂತ 2023ರ ಸೆಪ್ಟೆಂಬರ್‌ನಲ್ಲಿ ಸಂಸತ್ತು ಕಾನೂನು ಮಾಡಿತು. ಪಟಾಕಿ ಹೊಡೆದರು, ಸಿಹಿ ಹಂಚಿದರು. ಆದರೆ ಕಾನೂನಿನ ಒಳಗೇ ಒಂದು ಮಾತಿದೆ. ಮುಂದಿನ ಜನಗಣತಿ ಆಗಬೇಕು, ಅದರ ಮೇಲೆ ಕ್ಷೇತ್ರಗಳನ್ನು ಮತ್ತೆ ವಿಂಗಡಿಸಬೇಕು, ಆಮೇಲೆ ಮೀಸಲಾತಿ. 2021ರಲ್ಲಿ ಆಗಬೇಕಿದ್ದ ಜನಗಣತಿ, ನಾನು ಇದನ್ನು ಬರೆಯುತ್ತಿರುವ 2024ರ ಡಿಸೆಂಬರ್ ಕೊನೆಯ ವಾರಕ್ಕೂ ಶುರುವಾಗಿಲ್ಲ. ನಮ್ಮನ್ನು ಎಣಿಸದೆ ನಮ್ಮ ಪಾಲು ಇಲ್ಲ.

ಆದರೆ ಇನ್ನೊಂದು ಗಣತಿ ಶುರುವಾಗಿದೆ. ದನಗಳದ್ದು! ಅಕ್ಟೋಬರ್ 25ರಂದು ದೆಹಲಿಯಲ್ಲಿ 21ನೇ ಜಾನುವಾರು ಗಣತಿಗೆ ಚಾಲನೆ ಕೊಟ್ಟರು. ದೇಶದಲ್ಲಿ ಸುಮಾರು ಒಂದು ಲಕ್ಷ ಸಿಬ್ಬಂದಿ ಮೊಬೈಲ್ ಆಪ್ ಹಿಡಿದು ಮನೆಮನೆಗೆ ಹೋಗಿ ಹಸು, ಎಮ್ಮೆ, ಕುರಿ, ಮೇಕೆ, ಹಂದಿ, ಕೋಳಿ, ನಾಯಿ ಎಲ್ಲವನ್ನೂ ಬರೆದುಕೊಳ್ಳುತ್ತಾರೆ. ಫೆಬ್ರವರಿವರೆಗೆ ನಡೆಯುತ್ತದೆ. 1919ರಲ್ಲಿ ಶುರುವಾದ ಪದ್ಧತಿ ಇದು, ಐದು ವರ್ಷಕ್ಕೊಮ್ಮೆ. ಹಿಂದಿನದು 2019ರದ್ದು. ಅದರ ಪ್ರಕಾರ ದೇಶದಲ್ಲಿ 19 ಕೋಟಿಗೂ ಹೆಚ್ಚು ದನ, ಸುಮಾರು 11 ಕೋಟಿ ಎಮ್ಮೆ. ಹಾಲು ಕರೆಯುವ ಹೆಂಗಸಿಗಿಂತ ಮೊದಲು ಅವಳ ಹಸುವಿನ ಲೆಕ್ಕ ಸಿಗುತ್ತದೆ ಅಂತ ನಗಬೇಕೋ ಬೇಡವೋ ನೀವೇ ಹೇಳಿ.

ನಾನು ಈ ಗಣತಿಯನ್ನು ಯಾಕೆ ಇಷ್ಟು ಹಿಡಿದುಕೊಂಡೆ ಅಂದರೆ, ಈ ಸಲ ಅದರಲ್ಲಿ ಒಂದು ಹೊಸ ಪ್ರಶ್ನೆ ಇದೆ. ಈ ಮನೆಯಲ್ಲಿ ದನಕರು ನೋಡಿಕೊಳ್ಳುವ ಕೆಲಸ ಹೆಚ್ಚಾಗಿ ಮಾಡುವವರು ಗಂಡಸೋ ಹೆಂಗಸೋ ಅಂತ ಬರೆದುಕೊಳ್ಳುತ್ತಾರೆ. ನೂರು ವರ್ಷದಿಂದ ಕೊಂಬು, ಬಾಲ ಎಣಿಸಿದವರು ಈಗ ಸಗಣಿ ಬಾಚುವ ಕೈ ಯಾರದು ಅಂತ ಕೇಳುತ್ತಿದ್ದಾರೆ.

ಉತ್ತರ ಕೊಡುವವರು ಯಾರು? ಅಲ್ಲೇ ನನಗೆ ಭಯ.

ನಮ್ಮ ಊರುಗಳಲ್ಲಿ ಕೈಯಲ್ಲಿ ಪುಸ್ತಕವೋ ಮೊಬೈಲೋ ಹಿಡಿದ ಸರ್ಕಾರಿ ಮನುಷ್ಯ ಬಾಗಿಲಿಗೆ ಬಂದರೆ ಏನಾಗುತ್ತದೆ, ನೋಡಿದ್ದೇನೆ. ನೀವು ಸೆರಗು ಸರಿಮಾಡಿಕೊಂಡು, "ಇರ್ರಿ, ಅವರನ್ನ ಕರೀತೀನಿ" ಅಂತ ಒಳಗೆ ಹೋಗುತ್ತೀರಿ. ಅವರು ಬರುತ್ತಾರೆ, ಕುರ್ಚಿ ಹಾಕಿಸುತ್ತಾರೆ, ಎಷ್ಟು ಹಸು ಅಂದರೆ ಸರಿಯಾಗಿ ಹೇಳುತ್ತಾರೆ. ಎಷ್ಟು ಕರಾವು, ಎಷ್ಟು ಗಬ್ಬ ಅಂದರೆ ಒಳಗೆ ತಿರುಗಿ, "ಏಯ್, ಆ ಕೆಂಪಿ ಎಷ್ಟು ತಿಂಗಳು?" ಅಂತ ಕೂಗುತ್ತಾರೆ. ನೀವು ಒಳಗಿಂದ, "ಐದು" ಅನ್ನುತ್ತೀರಿ. ಬರೆಯುವವನು ಐದು ಅಂತ ಬರೆದುಕೊಳ್ಳುತ್ತಾನೆ. ಹೆಸರಿನ ಜಾಗದಲ್ಲಿ ಕುರ್ಚಿ ಮೇಲೆ ಕೂತವರ ಹೆಸರು.

ನನ್ನ ಕೆಲಸದಲ್ಲಿ ಇದು ದಿನಾ ಆಗುತ್ತದೆ. ಹಸು ಮೇವು ಬಿಟ್ಟಿದೆ ಅಂತ ಫೋನ್ ಮಾಡುವವರು ಗಂಡಸರು. ಹೋದ ಮೇಲೆ, ಮೆಲುಕು ಹಾಕುವುದು ಯಾವಾಗ ನಿಲ್ಲಿಸಿತು, ಸಗಣಿ ಹೇಗಿದೆ, ನಿನ್ನೆ ಸಂಜೆ ಎಷ್ಟು ಲೀಟರ್ ಇಳಿಯಿತು, ಬೆದೆಗೆ ಬಂದು ಎಷ್ಟು ದಿನ ಆಯಿತು, ಯಾವ ಮೊಲೆಯಲ್ಲಿ ಗರಣೆ ಬಂತು ಅಂತ ಕೇಳಿದರೆ ಒಂದಕ್ಕೂ ಉತ್ತರ ಇರುವುದಿಲ್ಲ. ಬಾಗಿಲ ಮರೆಯಲ್ಲಿ ನಿಂತ ನೀವು ಉತ್ತರ ಹೇಳುತ್ತೀರಿ. ನಾನು ಕೊಡುವ ಔಷಧಿ ನಿಮ್ಮ ಉತ್ತರದ ಮೇಲೆ ನಿಂತಿರುತ್ತದೆ. ರೋಗ ಹಿಡಿಯುವುದರಲ್ಲಿ ಅರ್ಧ ಕೆಲಸ ನಿಮ್ಮದು ಅಂದರೆ ಹೊಗಳಿಕೆ ಅಲ್ಲ, ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲಿ ನಮಗೆ ಮೊದಲು ಹೇಳಿಕೊಟ್ಟದ್ದೇ ಅದು: ದನ ಮಾತಾಡುವುದಿಲ್ಲ, ನೋಡಿಕೊಳ್ಳುವವರನ್ನು ಕೇಳು.

ಹೆಸರಿನಲ್ಲಿ ಏನಿದೆ ಬಿಡಿ ಡಾಕ್ಟ್ರಮ್ಮ, ದುಡ್ಡು ಮನೆಗೇ ತಾನೇ ಬರೋದು ಅಂತ ಕೆಲವರು ಹೇಳುತ್ತೀರಿ. ಬಹಳ ಮನೆಗಳಲ್ಲಿ ಅದು ನಿಜವೇ. ಆದರೆ ಎಲ್ಲಾ ಮನೆಯೂ ಒಂದೇ ತರ ಇರುವುದಿಲ್ಲ, ಒಂದೇ ಮನೆ ಎಲ್ಲಾ ಕಾಲದಲ್ಲೂ ಒಂದೇ ತರ ಇರುವುದಿಲ್ಲ. ಊರು ಹೇಳುವುದಿಲ್ಲ, ಒಬ್ಬ ಅಕ್ಕ ಸ್ವಸಹಾಯ ಸಂಘದ ಸಾಲ ತೆಗೆದು ಎಚ್‌ಎಫ್ ಹಸು ತಂದರು. ಸಾಲ ತೀರಿಸಿದ್ದೂ ಅವರೇ, ಹಾಲು ಹಾಕಿದ್ದೂ ಅವರೇ. ಕಿವಿಗೆ ಓಲೆ ಹಾಕಿಸುವ ದಿನ ಗಂಡನ ಹೆಸರು ಬರೆಸಿದರು, ವಿಮೆಯೂ ಅದೇ ಹೆಸರಿಗೆ. ಎರಡು ವರ್ಷ ಆದ ಮೇಲೆ ಗಂಡ ಇನ್ನೊಂದು ಊರು ಸೇರಿದ. ಹಸು ಹೊಟ್ಟೆ ಉಬ್ಬರಿಸಿ ರಾತ್ರೋರಾತ್ರಿ ಸತ್ತಿತು. ಮರಣೋತ್ತರ ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಬರೆದವಳು ನಾನು. ವಿಮೆಯ ಅರ್ಜಿಗೆ ಸಹಿ ಬೇಕಿದ್ದದ್ದು ಅವನದು, ದುಡ್ಡು ಹೋಗಬೇಕಿದ್ದದ್ದು ಅವನ ಖಾತೆಗೆ. ಆ ಅಕ್ಕ ಅವನಿಗೆ ಫೋನ್ ಮಾಡಲು ಒಪ್ಪಲಿಲ್ಲ. "ಹಸ ಹೋತು, ಅವನ ಮುಂದೆ ಕೈ ಚಾಚೋದೊಂದು ಬ್ಯಾಡ" ಅಂದರು. ಆ ದುಡ್ಡು ಇವತ್ತಿಗೂ ಬಂದಿಲ್ಲ.

ಕಿವಿಯ ಹಳದಿ ಓಲೆಯಲ್ಲಿ 12 ಅಂಕಿ ಇರುತ್ತದೆ ನೋಡಿ, ನಮ್ಮ ಆಧಾರ್ ಇದ್ದ ಹಾಗೆ. ಆ ನಂಬರಿನ ಹಿಂದೆ ಆಪ್‌ನಲ್ಲಿ ಒಬ್ಬ ಮಾಲೀಕರ ಹೆಸರು ಇರುತ್ತದೆ. ಕಾಲುಬಾಯಿ ಜ್ವರದ ಲಸಿಕೆ, ಕೃತಕ ಗರ್ಭಧಾರಣೆ, ವಿಮೆ ಎಲ್ಲಾ ಆ ನಂಬರಿಗೇ ಕೂಡಿಕೊಳ್ಳುತ್ತಾ ಹೋಗುತ್ತದೆ. ಯಾರ ಹೆಸರಿದೆ ಅಂತ ನಿಮ್ಮಲ್ಲಿ ಎಷ್ಟು ಜನ ಕೇಳಿದ್ದೀರಿ? ಹಾಲಿನ ಪ್ರೋತ್ಸಾಹಧನವೂ ಹಾಗೇ. ಸರ್ಕಾರದ 5 ರೂಪಾಯಿ ನೇರವಾಗಿ ಸದಸ್ಯರ ಬ್ಯಾಂಕ್ ಖಾತೆಗೆ ಹೋಗುತ್ತದೆ. ಹಾಲು ತಂದವರ ಖಾತೆಗಲ್ಲ, ಸದಸ್ಯರ ಖಾತೆಗೆ. ಈ ಎರಡು ಪದದ ನಡುವಿನ ವ್ಯತ್ಯಾಸವೇ ನನ್ನ ಇಡೀ ಲೇಖನ ಅಂತ ಬೇಕಾದರೂ ತಿಳಿಯಿರಿ.

ಚುನಾವಣೆ ಅಂದರೆ ಹಾಲಿನ ನೆನಪು ಎಲ್ಲರಿಗೂ ಬರುತ್ತದೆ. 2023ರ ಏಪ್ರಿಲ್‌ನಲ್ಲಿ ಅಮುಲ್ ಬೆಂಗಳೂರಿಗೆ ಬರುತ್ತೇವೆ ಅಂದಾಗ ನಂದಿನಿ ಉಳಿಸಿ ಅಂತ ರಾಜ್ಯವೇ ಎದ್ದಿತು. ಬಿಜೆಪಿಯವರು ಬಿಪಿಎಲ್ ಮನೆಗೆ ದಿನಾ ಅರ್ಧ ಲೀಟರ್ ನಂದಿನಿ ಹಾಲು ಅಂದರು. ಕಾಂಗ್ರೆಸ್ಸಿನವರು ಪ್ರೋತ್ಸಾಹಧನ 5ರಿಂದ 7 ರೂಪಾಯಿ ಮಾಡುತ್ತೇವೆ ಅಂದರು. ಅರ್ಧ ಲೀಟರ್ ಕೊಡಬೇಕಾದ ಸಂದರ್ಭ ಬರಲಿಲ್ಲ, ಏಳು ರೂಪಾಯಿ ನೀವೇ ಪಾಸ್‌ಬುಕ್ಕಿನಲ್ಲಿ ನೋಡಿಕೊಳ್ಳಿ. ಈ ನವೆಂಬರ್ 21ರಂದು ದೆಹಲಿಯಲ್ಲಿ ನಂದಿನಿ ಹಾಲಿನ ಮಾರಾಟ ಶುರುವಾಯಿತು, ಮಂಡ್ಯದಿಂದ ಟ್ಯಾಂಕರ್ ಹೋಗುತ್ತದೆ. ಜೂನ್‌ನಲ್ಲಿ ಸ್ಕಾಟ್ಲೆಂಡ್, ಐರ್ಲೆಂಡಿನ ಕ್ರಿಕೆಟ್ ಆಟಗಾರರ ಅಂಗಿಯ ಮೇಲೂ ನಂದಿನಿ ಹೆಸರು ಇತ್ತು. ನನಗೂ ಹೆಮ್ಮೆಯೇ. ಅಂಗಿಯ ಮೇಲೆ ಹೆಸರು ಬಂತು, ಹಾಲು ಹಾಕಿದವಳ ಹೆಸರು ಸದಸ್ಯರ ಪುಸ್ತಕದಲ್ಲೂ ಬರಲಿ ಅಂತ ಕೇಳಿದರೆ ತಪ್ಪೇನು?

ನವೆಂಬರ್ 23ರಂದೇ ಮಹಾರಾಷ್ಟ್ರ, ಜಾರ್ಖಂಡ್ ಫಲಿತಾಂಶವೂ ಬಂತು. ಅಲ್ಲಿ ಬೇರೆ ಪಕ್ಷ, ಇಲ್ಲಿ ಬೇರೆ ಪಕ್ಷ, ಆದರೆ ಟಿವಿಯವರ ಮಾತು ಒಂದೇ: ಹೆಂಗಸರ ಖಾತೆಗೆ ಹಾಕಿದ ದುಡ್ಡು ಮತ ತಂದಿತು. ನಮ್ಮ ಗೃಹಲಕ್ಷ್ಮಿ 2,000, ಅವರ ಲಾಡ್ಕಿ ಬಹಿಣ್ 1,500. ಕೆಲವರು ಇದನ್ನು ಬಿಟ್ಟಿ ಅಂದು ಹಂಗಿಸುತ್ತಾರೆ. ನನಗೆ ಆ ಮಾತು ಸೇರುವುದಿಲ್ಲ. ಆ ಎರಡು ಸಾವಿರದಲ್ಲಿ ಹಿಂಡಿ ಚೀಲ ತಂದವರನ್ನು, ಖನಿಜ ಮಿಶ್ರಣ ತಂದವರನ್ನು ನಾನು ಬಲ್ಲೆ. ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿ ಅಂತ ನಿಮ್ಮ ಹೆಸರು ಇದ್ದದ್ದಕ್ಕೆ ತಾನೇ ಅದು ನಿಮ್ಮ ಖಾತೆಗೆ ಬಂದದ್ದು? ಸರ್ಕಾರ ಕೊಡುವ ದುಡ್ಡಿಗೆ ನಿಮ್ಮ ಹೆಸರು ಬೇಕಾಯಿತು. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ನೀವೇ ದುಡಿದ ಹಾಲಿನ ಬಿಲ್ಲಿಗೆ ಯಾಕೆ ಬೇಡ?

ಈಗ ಡೇರಿಯ ಚುನಾವಣೆ. ಚನ್ನಪಟ್ಟಣದಲ್ಲಿ ನೂರಕ್ಕೆ 88ಕ್ಕಿಂತ ಹೆಚ್ಚು ಜನ ಮತ ಹಾಕಿದರು. ನಿಮ್ಮ ಹಾಲು ಉತ್ಪಾದಕರ ಸಂಘದ ಕಳೆದ ಸರ್ವ ಸದಸ್ಯರ ಸಭೆಗೆ ಎಷ್ಟು ಹೆಂಗಸರು ಹೋಗಿದ್ದಿರಿ? ಸ್ಟೆಪ್ ಯೋಜನೆಯಲ್ಲಿ ಕಟ್ಟಿದ ಮಹಿಳಾ ಸಂಘಗಳ ಅಕ್ಕಂದಿರೇ, ನೀವು ಕೋಪಿಸಿಕೊಳ್ಳಬೇಡಿ, ನಿಮ್ಮ ವಿಷಯ ಬೇರೆ, ನಿಮ್ಮಲ್ಲಿ ಕಾರ್ಯದರ್ಶಿಯಿಂದ ಹಾಲು ಪರೀಕ್ಷಕಿವರೆಗೆ ನೀವೇ. ಉಳಿದ ಸಂಘಗಳ ಮಾತು ನಾನು ಆಡುತ್ತಿರುವುದು. ಆಡಳಿತ ಮಂಡಳಿಯಲ್ಲಿ ಇಬ್ಬರು ಹೆಂಗಸರು ಇರಬೇಕು ಅಂತ ಸಹಕಾರ ಕಾನೂನೇ ಹೇಳುತ್ತದೆ. ಆ ಇಬ್ಬರು ಸಭೆಗೆ ಬರುತ್ತಾರೋ, ಪುಸ್ತಕ ಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬರುತ್ತದೋ ನಿಮಗೇ ಗೊತ್ತು. ಆದರೆ ಮಂಡಳಿಗೆ ನಿಲ್ಲಲು, ಮತ ಹಾಕಲು ಮೊದಲು ಸದಸ್ಯೆ ಆಗಿರಬೇಕು. ಹಾಲು ಹಾಕುವವಳು ನೀವು, ಷೇರು ಅವರ ಹೆಸರಿನಲ್ಲಿ ಇದ್ದರೆ ಮತವೂ ಅವರದೇ. ಸಂಘದ ಪ್ರತಿನಿಧಿ ಒಕ್ಕೂಟದ ನಿರ್ದೇಶಕರನ್ನು ಆರಿಸುತ್ತಾರೆ, ಒಕ್ಕೂಟದವರು ಮೇಲೆ ಕೆಎಂಎಫ್‌ಗೆ ಹೋಗುತ್ತಾರೆ. ಹಾಲಿನ ದರ, ಪಶು ಆಹಾರದ ದರ, ನನ್ನಂಥವರ ಔಷಧಿ ಪೆಟ್ಟಿಗೆಯಲ್ಲಿ ಏನಿರಬೇಕು ಅನ್ನುವುದು ಎಲ್ಲಾ ಆ ಮೆಟ್ಟಿಲ ಮೇಲೆ ತೀರ್ಮಾನ ಆಗುತ್ತದೆ. ಅದರ ಮೊದಲ ಮೆಟ್ಟಿಲು ನಿಮ್ಮ ಊರಿನ ಡೇರಿ ಕಟ್ಟೆ.

ಪಂಚಾಯ್ತಿ ವಿಷಯದಲ್ಲಿ ನಮ್ಮ ರಾಜ್ಯ ಮೊದಲೇ ದಾರಿ ತೋರಿಸಿತ್ತು. 1983ರ ಕಾನೂನಿನಲ್ಲೇ ನಾಲ್ಕರಲ್ಲಿ ಒಂದು ಪಾಲು ಹೆಂಗಸರಿಗೆ ಇಟ್ಟು 1987ರಲ್ಲಿ ಚುನಾವಣೆ ಮಾಡಿದ್ದರು, ಈಗ ಅರ್ಧ. ಆದರೆ ತಾಲ್ಲೂಕು, ಜಿಲ್ಲಾ ಪಂಚಾಯ್ತಿಗೆ ಕೊನೆಯ ಸಲ ಮತ ಹಾಕಿದ್ದು 2016ರ ಫೆಬ್ರವರಿಯಲ್ಲಿ. ಅವಧಿ 2021ರಲ್ಲೇ ಮುಗಿಯಿತು. ಚುನಾವಣೆಯೇ ಇಲ್ಲದ ಮೇಲೆ ಅರ್ಧ ಅಂದರೆ ಎಷ್ಟು? ಈ ತಿಂಗಳು 17ಕ್ಕೆ ಲೋಕಸಭೆಯಲ್ಲಿ ಒಂದು ದೇಶ ಒಂದು ಚುನಾವಣೆ ಮಸೂದೆ ಮಂಡನೆಯಾಯಿತು. ಒಟ್ಟಿಗೆ ಮಾಡುವುದು ಒಳ್ಳೆಯದೋ ಕೆಟ್ಟದ್ದೋ ದೊಡ್ಡವರು ಚರ್ಚೆ ಮಾಡಲಿ, ಬಾಕಿ ಇರುವುದನ್ನು ಮೊದಲು ಮಾಡಲಿ ಅಂತ ನನ್ನ ಅನಿಸಿಕೆ.

ಸುದ್ದಿಯ ಮಾತು ಬಂದದ್ದಕ್ಕೆ ಇನ್ನೊಂದು. ಅಮೆರಿಕದಲ್ಲಿ ಟ್ರಂಪ್ ಗೆದ್ದದ್ದು ನಿಮ್ಮ ಮನೆಯ ಮಕ್ಕಳಿಗೂ ಗೊತ್ತು. ಅದೇ ದೇಶದಲ್ಲಿ ಹಕ್ಕಿಜ್ವರ ಈ ಮಾರ್ಚ್‌ನಲ್ಲಿ ಹಾಲು ಕರೆಯುವ ಹಸುಗಳಿಗೆ ಬಂದದ್ದು ಎಷ್ಟು ಜನಕ್ಕೆ ಗೊತ್ತು? ಟೆಕ್ಸಾಸ್, ಕಾನ್ಸಾಸ್ ರಾಜ್ಯಗಳಲ್ಲಿ ಮೊದಲು ಕಂಡಿತು. ಹಸು ಮೇವು ಬಿಡುತ್ತದೆ, ಹಾಲು ಇಳಿದುಹೋಗುತ್ತದೆ, ಬರುವ ಹಾಲು ಗಿಣ್ಣಿನ ಹಾಗೆ ದಪ್ಪ, ಹಳದಿ. ಹಸಿ ಹಾಲು ಕುಡಿದ ಬೆಕ್ಕುಗಳು ಸತ್ತವು. ಡಿಸೆಂಬರ್ 18ರಂದು ಕ್ಯಾಲಿಫೋರ್ನಿಯಾದಲ್ಲಿ ತುರ್ತು ಪರಿಸ್ಥಿತಿಯನ್ನೇ ಘೋಷಿಸಿದರು. ಪಾಶ್ಚರೀಕರಣ ಮಾಡಿದ ಹಾಲಿನಲ್ಲಿ, ಕಾಯಿಸಿದ ಹಾಲಿನಲ್ಲಿ ಆ ವೈರಸ್ ಬದುಕುವುದಿಲ್ಲ. ನೀವು ಹೆದರುವುದು ಬೇಡ. ಹಾಲು ಕಾಯಿಸದೆ ಮಕ್ಕಳಿಗೆ ಕೊಡಬೇಡಿ, ಕೊಟ್ಟಿಗೆ ಹತ್ತಿರ ಕೋಳಿಯೋ ಕಾಗೆಯೋ ಗುಂಪಾಗಿ ಸತ್ತರೆ ಮುಟ್ಟದೆ ನಮಗೆ ತಿಳಿಸಿ.

ಇನ್ನು ಗಣತಿಯವರು ಬಂದಾಗ. ಒಂದು ಪುಕಾರು ಹಬ್ಬಿದೆ: ಹಸು ಜಾಸ್ತಿ ಹೇಳಿದರೆ ಬಿಪಿಎಲ್ ಕಾರ್ಡು ಹೋಗುತ್ತದೆ ಅಂತ. ನವೆಂಬರ್‌ನಲ್ಲಿ ಕಾರ್ಡು ರದ್ದಾದ ಗಲಾಟೆ ಆಯಿತಲ್ಲ, ಆ ಹೆದರಿಕೆ ಇದಕ್ಕೂ ಅಂಟಿಕೊಂಡಿದೆ. ಜಾನುವಾರು ಗಣತಿಗೂ ಪಡಿತರ ಚೀಟಿಗೂ ಸಂಬಂಧ ಇಲ್ಲ. ಎಷ್ಟು ಲಸಿಕೆ ಬೇಕು, ಎಲ್ಲಿ ಎಷ್ಟು ಆಸ್ಪತ್ರೆ, ಸಿಬ್ಬಂದಿ ಬೇಕು ಅಂತ ಯೋಜನೆ ಹಾಕಲು ಅದು. ಇದ್ದ ಹಸುವನ್ನು ಇಲ್ಲ ಅಂದರೆ ಆ ಹಸುವಿನ ಪಾಲಿನ ಲಸಿಕೆ ಲೆಕ್ಕಕ್ಕೆ ಬರುವುದಿಲ್ಲ, ಅಷ್ಟೇ ನಷ್ಟ.

ಅವರನ್ನು ಕರೆಯಲು ಒಳಗೆ ಹೋಗಬೇಡಿ. ಯಜಮಾನರು ಮನೆಯಲ್ಲಿದ್ದರೆ ಇಬ್ಬರೂ ಕೂತು ಹೇಳಿ, ಜಗಳ ಮಾಡಿಕೊಳ್ಳಿ ಅಂತ ನಾನು ಹೇಳುತ್ತಿಲ್ಲ. ದನ ನೋಡಿಕೊಳ್ಳುವವರು ಯಾರು ಅಂತ ಕೇಳಿದಾಗ ನೀವೇ ಬಾಯಿಬಿಟ್ಟು ನಾನು ಅನ್ನಿ. ಬರೆಯುವವರು ಆ ಪ್ರಶ್ನೆ ಕೇಳದೆ ಮುಂದೆ ಹೋದರೆ, "ಅದೊಂದು ಉಳೀತಲ್ರಿ" ಅಂತ ನೆನಪು ಮಾಡಿ. ಕಿವಿ ಓಲೆ ಯಾರ ಹೆಸರಿನಲ್ಲಿದೆ ಅಂತ ಮುಂದಿನ ಲಸಿಕೆ ದಿನ ನನ್ನನ್ನೋ ನಮ್ಮ ಸಿಬ್ಬಂದಿಯನ್ನೋ ಕೇಳಿ. ಸಂಘದ ಸದಸ್ಯತ್ವಕ್ಕೆ ಏನೇನು ಕಾಗದ ಬೇಕು, ಎಷ್ಟು ದಿನ ಹಾಲು ಹಾಕಿರಬೇಕು ಅಂತ ನಿಮ್ಮ ಸಂಘದ ಬೈಲಾದಲ್ಲಿ ಇರುತ್ತದೆ. ಕಾರ್ಯದರ್ಶಿ ಆಮೇಲೆ ನೋಡೋಣ ಅಂದರೆ ಅರ್ಜಿ ಬರೆದು ಕೊಟ್ಟು, ಅದರ ಇನ್ನೊಂದು ಪ್ರತಿಗೆ ಸಹಿ ಹಾಕಿಸಿಕೊಂಡು ಇಟ್ಟುಕೊಳ್ಳಿ. ಹೆಸರು ಬರೆಯಲು ಬಾರದಿದ್ದರೆ ಮಗಳ ಹತ್ತಿರ ಬರೆಸಿ.

ಮತ್ತೆ, ಎಷ್ಟು ಕರು ಅಂತ ಕೇಳಿದಾಗ ಹಿತ್ತಲಲ್ಲಿ ಕಟ್ಟಿದ ಗಂಡು ಕರುವನ್ನೂ ಬಿಡದೆ ಸೇರಿಸಿ ಹೇಳಿ.